ಬಿಸಿಲು ಕಾಣದ ಚಿಪ್ಪು

ಕಡಲಂಚಿನ ಕರಿಬಂಡೆಗಳ ನಡುವೆ ಒಂದು ಉಪ್ಪುನೀರಿನ ಹೊಂಡವಿತ್ತು, ಮಕ್ಕಳೇ. ಅಲ್ಲಿ ಸನ್ಯಾಸಿ ಏಡಿಗಳಿದ್ದವು. ಅವುಗಳ ಹೊಟ್ಟೆ ಬೆಣ್ಣೆಯಷ್ಟು ಮೆತ್ತಗೆ. ಸತ್ತ ಶಂಖದಹುಳು ಬಿಟ್ಟುಹೋದ ಚಿಪ್ಪೇ ಅವಕ್ಕೆ ಮನೆ. ಇಳಿತದಲ್ಲಿ ನೀರು ತಗ್ಗಿದರೆ ಕೊಕ್ಕರೆ ಬಂದು ನಿಲ್ಲುತ್ತಿತ್ತು. ಚಿಪ್ಪಿಲ್ಲದವರು ಉಳಿಯುತ್ತಿರಲಿಲ್ಲ.

ದೊಡ್ಡ ಚಿಪ್ಪು ಸಿಕ್ಕರೆ ಎಲ್ಲರೂ ಸಾಲಾಗಿ ನಿಲ್ಲುವರು. ಮುಂದಿನವರು ಹೊಸದಕ್ಕೆ ಹೊಕ್ಕರೆ, ಹಿಂದಿನವರು ಅವರು ಬಿಟ್ಟದ್ದಕ್ಕೆ. ಆದರೆ ಹೊರಗಿನ ಚಿಪ್ಪನ್ನು ಮೊದಲು ಬಿಸಿಲಲ್ಲಿ ಒಣಗಿಸಬೇಕು. ಅದು ಹೊಂಡದ ಕಟ್ಟಳೆ.

ಒಮ್ಮೆ ಹಡಗಿನ ತಳಕ್ಕೆ ಅಂಟಿಕೊಂಡು ಪರದೇಶದ ಮುದಿ ಶಂಖದಹುಳು ಹೊಂಡದಾಚೆಯ ಬಂಡೆಗೆ ಬಂತು. ಅದರ ಪಟ್ಟೆಪಟ್ಟೆ ಚಿಪ್ಪಿನ ಮೇಲೆ ಮಿಣಕಿ ಏಡಿಯ ಕಣ್ಣು ಬಿತ್ತು.

“ಹತ್ತಿರ ಬರಬೇಡ ತಂಗಿ,” ಎಂದಿತು ಹುಳು. “ನನ್ನೊಳಗೆ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಸಾವಿರಾರು. ನಾನು ತಿಂದದ್ದನ್ನು ಅರಗಿಸುವುದೇ ಅವು. ನನಗೆ ನೆಂಟರು. ನಿನಗೆ ಏನಾಗುವರೋ, ಯಾರಿಗೆ ಗೊತ್ತು?”

ಕೆಲವೇ ದಿನಗಳಲ್ಲಿ ಹುಳು ಸತ್ತಿತು. ಬಿಸಿಲಿಗಿಟ್ಟರೆ ಬೇರೆ ಯಾರಾದರೂ ಹೊತ್ತೊಯ್ದಾರು ಎಂದು ಮಿಣಕಿ ಚಿಪ್ಪನ್ನು ಹಾಗೇ ಎಳೆದು ತಂದಳು.

“ಒಣಗಿಸಿದೆಯೇನೇ?” ಹೊಂಡದ ಹಿರಿಯ ಏಡಿ ಕಪ್ಪೆಚಿಪ್ಪಿನಜ್ಜಿ ಕೇಳಿದಳು.

“ಒಣಗಿಸದೆ ಇರ್ತೀನಾ ಅಜ್ಜಿ? ಕಾದು ಕೆಂಡ ಆಗಿತ್ತು!”

ಮಿಣಕಿ ಹೊಸದಕ್ಕೆ ಹೊಕ್ಕಳು. ಅವಳ ಹಳೆಯದಕ್ಕೆ ದುಮ್ಮ, ದುಮ್ಮನದಕ್ಕೆ ಪುಟ್ಟ ಪಿಳ್ಳಿ.

ಮೊದಲು ತುರಿಕೆ ಶುರುವಾಯಿತು. ಆಮೇಲೆ ಉರಿ. ಹೊಟ್ಟೆಯ ಚರ್ಮವನ್ನು ಯಾರೋ ಒಳಗೇ ಕೂತು ಸುಲಿಯುತ್ತಿದ್ದಂತೆ.

“ಏನಕ್ಕಾ, ಅರಮನೆ ಸೇರಿದ್ದೇ ಮಾತು ನಿಂತೋಯ್ತು?” ದುಮ್ಮ ಕೆಣಕಿದ.

ಆಗ ಉಬ್ಬರ. ನೀರು ತುಂಬಿತ್ತು, ಕೊಕ್ಕರೆ ಇರಲಿಲ್ಲ. ಹೇಳಿದ್ದರೆ ಚಿಪ್ಪು ಬದಲಿಸಬಹುದಿತ್ತು. ಆದರೆ ಸುಳ್ಳು ಬಯಲಾಗುತ್ತಲ್ಲ!

“ಏನಿಲ್ಲ. ಹೊಸ ಮನೆ, ನಿದ್ದೆ ಹತ್ತಲಿಲ್ಲ,” ಎಂದಳು ಮಿಣಕಿ.

ನೀರು ಇಳಿಯಿತು. ಪಟ್ಟೆ ಚಿಪ್ಪಿನಿಂದ ಬಿಳಿ ಲೋಳೆ ಜಿನುಗಿ ಹೊಂಡದಲ್ಲಿ ಹರಡತೊಡಗಿತು.

“ಅಕ್ಕಾ, ನನ್ನ ಕಾಲು ಉರೀತಿದೆ,” ಎಂದಳು ಪಿಳ್ಳಿ.

ಮಿಣಕಿ ಪಿಳ್ಳಿಯತ್ತ ತಿರುಗಿದಳು. ತಲೆಯೆತ್ತಿದರೆ, ಪಕ್ಕದಲ್ಲೇ ಎರಡು ಉದ್ದನೆಯ ಕಾಲುಗಳು. ಅಲುಗಾಡದ ಕಾಲುಗಳು.

“ನಾನು ಒಣಗಿಸಿರಲಿಲ್ಲ!” ಅವಳು ಕಿರುಚಿದಳು. “ಈ ನೀರಲ್ಲಿ ಇರಬೇಡಿ! ಬಂಡೆಯ ಬಿರುಕಿನಿಂದ ಕಡಲಿಗೆ ಓಡಿ!”

“ನೀನೂ ಬಾರೇ!” ಅಜ್ಜಿ ಕೂಗಿದಳು.

ಏಡಿಗಳು ದಡಬಡ ಓಡಿದವು. ಉರಿ ತಾಳಲಾರದೆ ಮಿಣಕಿಯೂ ಚಿಪ್ಪು ಬಿಟ್ಟು, ಬೆತ್ತಲೆಯಾಗಿ ಬಿರುಕಿನತ್ತ ತೆವಳಿದಳು. ನೆರಳೊಂದು ಬಾಗಿತು.

ಮತ್ತೆ ಹೊಂಡದಲ್ಲಿ ಸದ್ದಿಲ್ಲ. ಕೊಕ್ಕರೆಯ ಕಾಲು ತಾಗಿ ಬಂಡೆಗೆ ಉರುಳಿದ ಪಟ್ಟೆ ಚಿಪ್ಪೊಂದೇ ಬಿಸಿಲಲ್ಲಿ ಒಣಗುತ್ತಿತ್ತು.

ನೀತಿ: ತಪ್ಪನ್ನು ಉಬ್ಬರದಲ್ಲೇ ಒಪ್ಪಿಕೊಳ್ಳಬೇಕು, ಇಳಿತದಲ್ಲಿ ಒಪ್ಪಿಕೊಂಡರೆ ಊರು ಉಳಿದೀತು, ತಾನು ಉಳಿಯುವುದು ಕಷ್ಟ.