ಸುಣ್ಣದ ಕೆಳಗಿನ ಅಂಗೈ

“ಗುರುಗಳೇ, ಒಂದು ಗರಡಿಗೆ ಹೊಸದಾಗಿ ಸೇರಿದ ಹುಡುಗರ ತಂಡ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?”

ಕೇಳಿದವನು ಶಿಷ್ಯ. ಒಂದು ಕಾಲದಲ್ಲಿ ಈ ಗುರುವಿನ ಕೈಕೆಳಗೆ ಕುಸ್ತಿ ಕಲಿತವನು; ಈಗ ತಾನೂ ಒಂದು ಗರಡಿಯ ಉಸ್ತಾದ. ಹೊಸ ಹುಡುಗರನ್ನು ನೋಡಿ ಬಹುಮಾನದ ಗದೆ ಯಾವ ಗರಡಿಗೆ ಎಂದು ಹೇಳುವ ಪರೀಕ್ಷಕ ಮಾರನೆಯ ದಿನ ಅವನ ಗರಡಿಗೆ ಬರುವವನಿದ್ದ. ಹೊಸ ಹುಡುಗರಿಗಾಗಿ ಗೋಡೆಗೆ ಸುಣ್ಣ ಬಳಿಸಿ, ತಾನೂ ಕೈ ಹಚ್ಚಿ ಬಳಿದು, ಅಲ್ಲಿಂದ ನೇರವಾಗಿ ಬಂದಿದ್ದ.

“ನಿನ್ನ ಹುಡುಗರು ಹೇಗಿದ್ದಾರೆ?” ಎಂದರು ಗುರು.

“ಒಬ್ಬೊಬ್ಬನದೂ ಮೊರದಗಲದ ಅಂಗೈ. ಸುತ್ತಿನ ಯಾವ ಗರಡಿಗೂ ಇಂಥವರು ಸಿಕ್ಕಿಲ್ಲ. ಈ ಸಲ ಗದೆ ನಮ್ಮದೇ, ನೋಡುತ್ತಿರಿ.”

ಗುರು ಶಿಷ್ಯನ ಕೈಗಳನ್ನು ನೋಡಿದರು. ಮಾತಾಡಿದಾಗ ಅವರ ದನಿ ತಗ್ಗಿತ್ತು. ಸಿಟ್ಟು ಬಂದಾಗ ಅವರ ದನಿ ತಗ್ಗುತ್ತದೆ ಎಂಬುದು ಶಿಷ್ಯನಿಗೆ ಗೊತ್ತಿತ್ತು. ಈಗ ಸಿಟ್ಟು ಏಕೆ ಎಂಬುದು ಗೊತ್ತಾಗಲಿಲ್ಲ.

“ಕುಳಿತುಕೋ” ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಗರಡಿ ಇತ್ತು. ನಮ್ಮಲ್ಲಿರುವ ಪದ್ಧತಿಯೇ ಅಲ್ಲಿಯೂ ಇತ್ತು. ಹೊಸದಾಗಿ ಸೇರುವ ಹುಡುಗ ಕುಸ್ತಿಯ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಅದರಲ್ಲಿ ಬಲಗೈ ಅದ್ದಿ, ಗರಡಿಯ ಗೋಡೆಗೆ ಒತ್ತಬೇಕು. ಅಂಗೈಯ ಗುರುತು ಬಿದ್ದ ಮೇಲೆ ಅವನು ಆ ಗರಡಿಯ ಮಗ. ಹಿರಿಯರು ಈ ಪದ್ಧತಿ ಮಾಡಿದ್ದು ಉಸ್ತಾದನಿಗಾಗಿ. ಅವನು ದಿನವೂ ಬೆಳಗ್ಗೆ ಆ ಗೋಡೆಯನ್ನು ನೋಡಬೇಕು. ಯಾರ ಯಾರ ಮಕ್ಕಳು ತನ್ನ ಮೇಲೆ ಭಾರ ಹಾಕಿ ನಿಂತಿದ್ದಾರೆ ಎಂದು ನೆನೆಯಬೇಕು.

ಆ ಸೀಮೆಯ ದೇಸಾಯಿಗೆ ಕುಸ್ತಿಯ ಹುಚ್ಚು. ವರ್ಷಕ್ಕೊಮ್ಮೆ ಯಾವ ಗರಡಿಗೆ ಎಲ್ಲರಿಗಿಂತ ಒಳ್ಳೆಯ ಹುಡುಗರು ಸೇರಿದ್ದಾರೋ ಆ ಗರಡಿಗೆ ಬೆಳ್ಳಿಯ ಗದೆ ಕಳಿಸುತ್ತಿದ್ದ. ಗದೆಯ ಹಿಂದೆ ತುಪ್ಪ, ಬಾದಾಮಿ, ಜೋಳದ ಚೀಲಗಳು ಬರುತ್ತಿದ್ದವು. ಹುಡುಗರನ್ನು ತೂಗಿ ನೋಡಲು ಒಬ್ಬ ಪರೀಕ್ಷಕನನ್ನು ನೇಮಿಸಿದ್ದ. ಪರೀಕ್ಷಕ ಹುಡುಗರ ಕುಸ್ತಿ ನೋಡುತ್ತಿರಲಿಲ್ಲ. ಹೊಸಬರಿಗೆ ಕುಸ್ತಿ ಎಲ್ಲಿ ಬರುತ್ತದೆ? ಅವನು ಗೋಡೆ ನೋಡುತ್ತಿದ್ದ. ಒಂದೊಂದು ಅಂಗೈಯ ಮೇಲೂ ತನ್ನ ಗೇಣನ್ನು ಚಾಚಿ ಅಳೆಯುತ್ತಿದ್ದ. ಅಂಗೈ ಅಗಲವಿದ್ದರೆ ಮೂಳೆ ದೊಡ್ಡದು, ಮೂಳೆ ದೊಡ್ಡದಿದ್ದರೆ ಹುಡುಗ ಬೆಳೆಯುತ್ತಾನೆ ಎಂಬುದು ಅವನ ಲೆಕ್ಕ. ಆ ಲೆಕ್ಕ ಸುಳ್ಳಲ್ಲ. ಆದರೆ ಬೆಳೆಯಬೇಕಾದವನು ಬೆಳೆದನೇ ಎಂದು ನೋಡಲು ಅವನು ತಿರುಗಿ ಬರುತ್ತಿರಲಿಲ್ಲ. ಬಾಗಿಲಿಗೆ ಬಂದವನಿಗೇ ಗದೆ. ಒಳಗೆ ಹೋದವನ ಮಾತು ಯಾರಿಗೂ ಬೇಡ.

ಹಳೆಯ ಅಂಗೈಗಳ ನಡುವೆ ಹೊಸವು ಎದ್ದು ಕಾಣುವುದಿಲ್ಲ ಎಂದು ಪರೀಕ್ಷಕ ಒಂದು ವರ್ಷ ಗೊಣಗಿದ. ಮುಂದಿನ ವರ್ಷದಿಂದ ಉಸ್ತಾದ ಗೋಡೆಗೆ ಸುಣ್ಣ ಬಳಿಸತೊಡಗಿದ. ನೋಡುವವರಿಗೆ ಚೆನ್ನಾಗಿ ಕಾಣುತ್ತಿತ್ತು. ಬಿಳಿಯ ಗೋಡೆ, ಅದರ ಮೇಲೆ ಕೆಂಪು ಅಂಗೈಗಳು. ಉಳಿದ ಗರಡಿಗಳವರೂ ಬಳಿಸತೊಡಗಿದರು.

ಒಂದು ಹಳ್ಳಿಯಲ್ಲಿ ಒಬ್ಬ ರೈತ ಹೆಂಗಸು ಇದ್ದಳು. ಅವಳಿಗೆ ಒಬ್ಬನೇ ಮಗ. ಹೆಸರು ಭರಮ. ಉಸ್ತಾದ ಅವಳ ಅಂಗಳಕ್ಕೆ ಬಂದ. ಹುಡುಗನ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹುಡುಗನ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ನೊಗದ ಸಂದಿಗೆ ಸಿಕ್ಕಿ ಮುರಿದದ್ದು. “ಇದೇನೂ ಅಡ್ಡಿಯಿಲ್ಲ” ಎಂದ ಉಸ್ತಾದ. ನೆಲದ ಮೇಲೆಯೇ ಕುಳಿತು ಅವಳು ಹಾಕಿದ ರೊಟ್ಟಿ ತಿಂದ. “ಅವ್ವಾ, ಇವನು ಇನ್ನು ನನ್ನ ಮಗ. ಇವನು ಉಂಡ ಮೇಲೆಯೇ ನಾನು ಉಣ್ಣುವುದು” ಎಂದ. ಅವಳು ನಂಬಿದಳು. ತನ್ನ ಮನೆಯ ರೊಟ್ಟಿ ಬಾಯಲ್ಲಿಟ್ಟುಕೊಂಡು ಆಡಿದ ಮಾತನ್ನು ನಂಬದೆ ಇರುವುದು ಹೇಗೆ?

ಆ ವರ್ಷ ಪರೀಕ್ಷಕ ಭರಮನ ಅಂಗೈಯ ಮುಂದೆ ಬಹಳ ಹೊತ್ತು ನಿಂತ, “ಎಂಥ ಕೈ!” ಎಂದ. ಗದೆ ಆ ಗರಡಿಗೆ ಬಂತು. ಜನ ಹುಡುಗರ ಮೆರವಣಿಗೆ ಮಾಡಿದರು. ಒಂದು ಪಟ್ಟು ಕಲಿಯುವ ಮೊದಲೇ ಅವರು ಗೆದ್ದವರಾಗಿದ್ದರು.

ಮೆರವಣಿಗೆ ಮುಗಿಯಿತು. ಕೆಲವು ತಿಂಗಳು ತುಪ್ಪವೂ ಇತ್ತು, ಪಾಠವೂ ಇತ್ತು. ಮತ್ತೆ ಹುಡುಗರನ್ನು ಹುಡುಕುವ ಕಾಲ ಬಂತು. ಉಳಿದ ತುಪ್ಪವನ್ನು ಉಸ್ತಾದ ಹೊಸ ಹುಡುಗರ ಮನೆಗಳಿಗೆ ಒಯ್ದ. ಗರಡಿಯಲ್ಲಿದ್ದವರಿಗೆ ಅಂಬಲಿ. ಅವನು ಊರೂರು ಅಲೆಯುತ್ತಿದ್ದಾಗ ಹಿರಿಯ ಪೈಲ್ವಾನರು ತಮ್ಮ ಮೈ ಬಿಸಿ ಮಾಡಿಕೊಳ್ಳಲು ಕಿರಿಯರನ್ನು ಮಣ್ಣಿಗೆ ಕರೆದರು. ಅರೆಹೊಟ್ಟೆಯ ಭರಮ ತನ್ನ ಎರಡರಷ್ಟು ತೂಕದವನ ಕೆಳಗೆ ಸಿಕ್ಕ. ಕತ್ತಿನ ಮೇಲೆ ಬಿದ್ದ. ಏಳಲಿಲ್ಲ.

ಮುರಿದ ಮೂಳೆ ಕೂಡಿಸುವ ವೈದ್ಯನ ಮನೆ ಗರಡಿಯ ಎದುರಿಗೇ ಇತ್ತು. ಆದರೆ ಆ ಗರಡಿಯಲ್ಲಿ ಒಂದು ಕಟ್ಟಳೆ. ಉಸ್ತಾದನ ಅಪ್ಪಣೆಯಿಲ್ಲದೆ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಉಸ್ತಾದ ಊರಲ್ಲಿಲ್ಲ. ಹುಡುಗರು ಕಟ್ಟಳೆ ಮೀರಲು ಹೆದರಿದರು; ಕತ್ತಿಗೆ ಪೆಟ್ಟು ಬಿದ್ದವನನ್ನು ಎತ್ತಿ ಹೊರಗೆ ಒಯ್ಯಲೂ ಹೆದರಿದರು. ಭರಮನನ್ನು ಮಣ್ಣಿನ ಮೇಲೆಯೇ ಬಿಟ್ಟು, ಬಾಗಿಲಲ್ಲಿ ನಿಂತು, ಉಸ್ತಾದನ ದಾರಿ ಕಾದರು. ಉಸ್ತಾದ ಅದೇ ಹೊತ್ತಿಗೆ ಬೇರೊಬ್ಬ ತಾಯಿಯ ಅಂಗಳದಲ್ಲಿ ರೊಟ್ಟಿ ತಿನ್ನುತ್ತಿದ್ದ. ಅವನು ಬರುವಷ್ಟರಲ್ಲಿ ಹುಡುಗ ಸತ್ತಿದ್ದ.

ಕೆರೆಯ ಹಿಂದೆ ಮಣ್ಣು ಮಾಡಿದರು. ತಾಯಿಗೆ ಹೇಳಿ ಕಳಿಸಬೇಕು ಎಂದು ಯಾರೋ ಅಂದರು. ಉಸ್ತಾದನಿಗೆ ಹುಡುಗನ ಅಂಗೈಯ ಅಳತೆ ನೆನಪಿತ್ತು. ಊರು ನೆನಪಾಗಲಿಲ್ಲ. ಅಷ್ಟು ಊರು ತಿರುಗಿದ್ದ. ಒಬ್ಬರನ್ನು ಕೇಳಿದ, ಇಬ್ಬರನ್ನು ಕೇಳಿದ, ಆಮೇಲೆ ಬಿಟ್ಟ. ಪರೀಕ್ಷಕ ಬರುವ ದಿನ ಹತ್ತಿರ ಬರುತ್ತಿತ್ತು. ಗೋಡೆಗೆ ಸುಣ್ಣ ಬಳಿಸಬೇಕಿತ್ತು.

ಪರೀಕ್ಷಕ ಬಂದು ಹೊಸ ಅಂಗೈಗಳನ್ನು ಅಳೆಯುತ್ತಿದ್ದ ದಿನವೇ ಆ ತಾಯಿ ಬಂದಳು. ಕೈಯಲ್ಲಿ ರೊಟ್ಟಿಯ ಗಂಟು. ಸುಗ್ಗಿ ಮುಗಿದಿತ್ತು, ಮಗನನ್ನು ನೋಡಿ ಹೋಗೋಣ ಎಂದು ಬಂದಿದ್ದಳು. ಬಾಗಿಲಲ್ಲಿ ತಡೆದರು. ಉಸ್ತಾದ ಹೊರಗೆ ಬಂದ. ಹೊಸ ಹುಡುಗರಲ್ಲಿ ಯಾರದೋ ತಾಯಿ ಇರಬೇಕು ಎಂದುಕೊಂಡು ಕೈ ಮುಗಿದ.

“ನಿಮ್ಮ ಮಗ ಚೆನ್ನಾಗಿದ್ದಾನೆ ಅವ್ವಾ. ತುಪ್ಪ ಕುಡಿದು ಗೂಳಿಯ ಹಾಗೆ ಆಗಿದ್ದಾನೆ. ಇವತ್ತು ಪರೀಕ್ಷಕರು ಬಂದಿದ್ದಾರೆ, ನಾಳೆ ಬಂದು ನೋಡಿ.”

“ನಾಳೆ ಯಾಕೆ ಉಸ್ತಾದರೇ? ದೂರದಿಂದ ಬಂದಿದ್ದೇನೆ. ಒಂದು ಸಲ ಕರೆಯಿರಿ, ಮುಖ ನೋಡಿ ಹೋಗುತ್ತೇನೆ. ಭರಮಾ ಅಂತ ಕೂಗಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾನೆ.”

ಉಸ್ತಾದನ ಮುಗಿದ ಕೈ ಹಾಗೆಯೇ ನಿಂತಿತು. ಬಾಗಿಲಲ್ಲಿದ್ದ ಒಬ್ಬ ಹುಡುಗ ಅಳತೊಡಗಿದ. ಅವನ ಬಾಯಿಂದಲೇ ಅವಳಿಗೆ ಎಲ್ಲ ತಿಳಿಯಿತು.

ಅವಳು ಅಳಲಿಲ್ಲ. ಗಂಟನ್ನು ಕೆಳಗಿಟ್ಟಳು.

“ಚೆನ್ನಾಗಿದ್ದಾನೆ ಅಂದೆಯಲ್ಲ! ಯಾರ ಮಗ ಅಂತ ಕೇಳದೆಯೇ ಹೇಳಿಬಿಟ್ಟೆಯಲ್ಲ. ಎಷ್ಟು ಜನ ತಾಯಂದಿರಿಗೆ ಹೇಳಿ ರೂಢಿ ನಿನಗೆ? ನನ್ನ ಮನೆಯ ರೊಟ್ಟಿ ತಿಂದೆ. ಖಾರ ಹೆಚ್ಚಾಯಿತು ಅಂತ ಎರಡು ಸಲ ಮಜ್ಜಿಗೆ ಹಾಕಿಸಿಕೊಂಡೆ. ಅದು ಯಾವ ಊರಿನ ರೊಟ್ಟಿ ಅಂತ ನೆನಪಾಗಲಿಲ್ಲವೇ?”

“ಹುಡುಗರು ಬರುತ್ತಾರೆ ಹೋಗುತ್ತಾರೆ ಅವ್ವಾ” ಎಂದ ಉಸ್ತಾದ, ಕಷ್ಟಪಟ್ಟು. “ಗಟ್ಟಿ ಇದ್ದವರು ಉಳಿಯುತ್ತಾರೆ.”

“ಗಟ್ಟಿ ಇದ್ದಾನೆ ಅಂತಲೇ ಅಲ್ಲವೇನೋ ನೀನು ಕರೆದುಕೊಂಡು ಬಂದದ್ದು?”

ಅವಳು ಹೊಸ್ತಿಲು ದಾಟಿದಳು. ಆ ಗರಡಿಯೊಳಗೆ ಅಂದಿನವರೆಗೆ ಹೆಂಗಸು ಕಾಲಿಟ್ಟಿರಲಿಲ್ಲ. ತಡೆಯಲು ಬಂದ ಪೈಲ್ವಾನನ ಎದೆಗೆ ಕೈ ಇಟ್ಟು ಪಕ್ಕಕ್ಕೆ ಸರಿಸಿದಳು. “ಆವತ್ತು ಕಾಯ್ದಿರಲ್ಲ ಕಟ್ಟಳೆ, ಅದು ಸಾಕು” ಎಂದಳು. ಅವನು ಸರಿದ.

“ನನ್ನ ಮಗನ ಅಂಗೈ ಎಲ್ಲಿ?” ಎಂದು ಕೇಳಿದಳು. ಗೋಡೆಯ ಮೇಲೆ ಬೇರೆಯವರ ಮಕ್ಕಳ ಅಂಗೈಗಳಿದ್ದವು. ಅವಳು ಅವುಗಳನ್ನು ಮುಟ್ಟಲಿಲ್ಲ. ಅವುಗಳ ನಡುವಿನ ಬಿಳಿಯ ಜಾಗಗಳಲ್ಲಿ ಉಗುರಿನಿಂದ ಕೆರೆಯತೊಡಗಿದಳು. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಒಂದು ಕಡೆ ಒಂದು ಬೆರಳು ಕಂಡಿತು, ಅದು ಭರಮನದಲ್ಲ. ಇನ್ನೊಂದು ಕಡೆ ಒಂದು ಅಂಗೈ ಕಂಡಿತು, ಅದೂ ಅಲ್ಲ. ಅದರ ಕೆಳಗಿನ ಸುಣ್ಣ ಎದ್ದಾಗ ಅದಕ್ಕೂ ಹಿಂದಿನ ಅಂಗೈ ಇತ್ತು. ಆ ಹಿಂದಿನ ಹುಡುಗರೆಲ್ಲ ಈಗ ಎಲ್ಲಿದ್ದಾರೆ ಎಂದು ಅಲ್ಲಿ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ. ಅವಳ ಉಗುರುಗಳಿಂದ ರಕ್ತ ಬಂತು. ಕೊನೆಗೆ ಸೊಟ್ಟ ಕಿರುಬೆರಳು ಸಿಕ್ಕಿತು. ಅವಳು ನಿಧಾನವಾಗಿ ಸುತ್ತಲಿನ ಸುಣ್ಣ ಬಿಡಿಸಿದಳು. ಇಡೀ ಅಂಗೈ ಹೊರಗೆ ಬಂತು. ಅದರ ಮೇಲೆ ತನ್ನ ಅಂಗೈ ಇಟ್ಟಳು. ಅವಳದು ಅದರೊಳಗೆ ಮುಳುಗಿಹೋಯಿತು.

ಪರೀಕ್ಷಕ ಇದನ್ನೆಲ್ಲ ನೋಡುತ್ತ ನಿಂತಿದ್ದ. ಬಾಗಿಲಲ್ಲಿ ನಡೆದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅವಳು ಕೈ ತೆಗೆದ ಕೂಡಲೇ ಅವನ ಕಣ್ಣು ಆ ಅಂಗೈಯ ಮೇಲೆ ಬಿತ್ತು. ಹತ್ತಿರ ಬಂದ. ಬಗ್ಗಿದ. ರೂಢಿಯಂತೆ ಗೇಣು ಚಾಚಿದ.

“ಆಹಾ! ಎಂಥ ಕೈ!” ಎಂದ. “ಇಂಥವನನ್ನು ಮುಚ್ಚಿಟ್ಟಿದ್ದೀರಲ್ಲ ಉಸ್ತಾದರೇ! ಯಾರು ಈ ಹುಡುಗ? ಈ ಗೋಡೆಯಲ್ಲಿ ಇವನಿಗೆ ಸಾಟಿ ಇಲ್ಲ.”

ಒಂದು ವರ್ಷದ ಹಿಂದೆ ಇದೇ ಅಂಗೈಯ ಮುಂದೆ ತಾನು ಇದೇ ಮಾತು ಆಡಿದ್ದು ಅವನಿಗೆ ನೆನಪಿರಲಿಲ್ಲ.

ತಾಯಿ ಅವನ ಕಡೆ ತಿರುಗಿದಳು.

“ಕಳೆದ ವರ್ಷ ಇವನನ್ನು ನೋಡಿ ಗದೆ ಕೊಟ್ಟವನು ನೀನೇ ಅಲ್ಲವೇ? ಆಮೇಲೆ ಇವನಿಗೆ ಏನಾಯಿತು ಅಂತ ಒಂದು ಸಲ ಕೇಳಿದೆಯಾ?”

ಪರೀಕ್ಷಕನಿಗೆ ಅವಮಾನವಾಯಿತು. ಅವನು ನೆಟ್ಟಗೆ ನಿಂತ. “ಬರುವವರನ್ನು ನೋಡುವುದು ನನ್ನ ಕೆಲಸ ಅಮ್ಮಾ. ಹೋದವರನ್ನು ನೋಡುವುದು ನನ್ನ ಕೆಲಸವಲ್ಲ.”

ಅವಳು ಅವನ ಕೆನ್ನೆಗೆ ಹೊಡೆದಳು. ಅವಳ ಕೈಯೆಲ್ಲ ಸುಣ್ಣವಾಗಿತ್ತು. ಬೆರಳುಗಳ ತುದಿಯಲ್ಲಿ ರಕ್ತವಿತ್ತು. ಅವನ ಕೆನ್ನೆಯ ಮೇಲೆ ಒಂದು ಅಂಗೈ ಮೂಡಿತು.

“ಇದನ್ನೂ ಅಳೆ” ಎಂದಳು.

ಗಂಟು ಬಿಚ್ಚಿದಳು. ಅಳುತ್ತಿದ್ದ ಹುಡುಗನ ಕೈಗೆ ರೊಟ್ಟಿ ಕೊಟ್ಟಳು, ಉಳಿದದ್ದನ್ನು ಹಳೆಯ ಹುಡುಗರಿಗೆ ಹಂಚಿದಳು. ಅವರು ನಿಂತಲ್ಲೇ ನಿಂತು ತಿಂದರು. ಹಸಿದಿದ್ದರು. ಅವರಲ್ಲಿ ಒಬ್ಬೊಬ್ಬನ ಹೆಸರನ್ನೂ ಕೇಳಿದಳು. ಆಮೇಲೆ ಕೆರೆಯ ಹಿಂದಕ್ಕೆ ದಾರಿ ಯಾವುದು ಎಂದು ಕೇಳಿಕೊಂಡು ಹೊರಟುಹೋದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕುಳಿತಿದ್ದ. ಕತೆ ಅವನ ಮನಸ್ಸಿಗೆ ತಾಗಿತ್ತು. ಆದರೂ ಕೇಳಬೇಕೆಂದಿದ್ದ ಒಂದು ಮಾತು ನಾಲಗೆಯ ತುದಿಯಲ್ಲಿ ಉಳಿದಿತ್ತು. ಅದು ತಾನಾಗಿಯೇ ಹೊರಗೆ ಬಂತು.

“ಹಾಗಾದರೆ ಗುರುಗಳೇ, ಆ ವರ್ಷದ ಗದೆ ಯಾರಿಗೆ ಹೋಯಿತು?”

ಗುರು ಎದ್ದರು. ಶಿಷ್ಯನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಅವರ ದನಿ ಇನ್ನೂ ತಗ್ಗಿತು.

“ನಿನ್ನ ಉಗುರಿನ ಸಂದಿಯಲ್ಲಿ ಸುಣ್ಣವಿದೆ, ಇದನ್ನು ಯಾರ ಯಾರ ಅಂಗೈಯ ಮೇಲೆ ಬಳಿದು ಬಂದೆ, ಹೆಸರು ಹೇಳು.”

ಶಿಷ್ಯ ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ.