ಮುಂಚೆಯೇ ಬರೆದಿಟ್ಟ ಗೀತೆ

"ಅಯ್ಯಾ, ನನ್ನ ತಾಯಿಯನ್ನು ಕರ್ತನ ಬಳಿಗೆ ಕಳುಹಿಸಿಕೊಡುವ ಗೀತೆಯೊಂದನ್ನು ಬರೆದಿದ್ದೇನೆ. ಕೇಳಿದವರೆಲ್ಲ ಅತ್ತರು. ಅಂದಮೇಲೆ ದೇವರೂ ಅದನ್ನು ಮೆಚ್ಚಿದ ಹಾಗೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಅವನ ಪುಸ್ತಕವನ್ನು ತೆಗೆದುಕೊಂಡರು, ಆದರೆ ತೆರೆಯಲಿಲ್ಲ. ಹೀಗೆ ಹೇಳಿದರು:

ಒಂದು ಊರಿನ ಕ್ರೈಸ್ತ ಸಭೆಯಲ್ಲಿ ಒಬ್ಬ ಗೀತೆಗಾರನಿದ್ದ. ಅಲ್ಲಿ ಯಾರೇ ತೀರಿಕೊಂಡರೂ ಅವರ ಹೆಸರು ಸೇರಿಸಿದ ಹೊಸ ಗೀತೆಯೊಂದನ್ನು ಹಾಡಿ ಮಣ್ಣು ಮಾಡುವುದು ವಾಡಿಕೆ. ಬೆಳಿಗ್ಗೆ ಸತ್ತವರನ್ನು ಸಂಜೆಯೊಳಗೆ ಹೂಳುತ್ತಿದ್ದರು. ಅಷ್ಟರೊಳಗೆ ಗೀತೆ ಬೇಕು. ಅವಸರದ ಗೀತೆಗಳು ಕುಂಟುತ್ತಿದ್ದವು. ಅದಕ್ಕೆ ಅವನೊಂದು ಉಪಾಯ ಮಾಡಿಕೊಂಡ. ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ನೋಡಿ ಬರುತ್ತಿದ್ದ, ಬಂದವನೇ ಬರೆಯಲು ಕೂರುತ್ತಿದ್ದ. "ನಮ್ಮ ಯಜಮಾನರು ನಿಮ್ಮ ಮನೆಗೆ ಬಂದು ಹೋದರೆಂದರೆ ಹೆದರಿಕೊಳ್ಳಿ" ಎಂದು ಅವನ ಹೆಂಡತಿ ಬಾವಿಕಟ್ಟೆಯಲ್ಲಿ ನಗುತ್ತಿದ್ದಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಅವಳ ಎರಡು ವರ್ಷದ ಮಗಳು ಸಲೋಮಿಗೆ ಜ್ವರ ಬಂತು. ಮೂರನೆಯ ದಿನ ಮಗು ಕಣ್ಣು ಬಿಡಲಿಲ್ಲ, ಎದೆಗೆ ಹಿಡಿದರೆ ಹಾಲು ಕುಡಿಯಲಿಲ್ಲ. ಆಸ್ಪತ್ರೆ ಹೊಳೆಯಾಚೆ ಇತ್ತು. ಗಂಡ ಮಗುವಿನ ತಲೆದೆಸೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾನೆಂದು ಅವಳು ಕಾದಳು. ಆಮೇಲೆ ಅವನ ಕೈ ನೋಡಿದಳು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡುತ್ತಿತ್ತು. ಅವನು ಅಕ್ಷರ ಎಣಿಸುತ್ತಿದ್ದ.

"ರೀ, ಏಳಿ, ದೋಣಿಗೆ ಹೋಗೋಣ."

"ತಡಿ, ಇನ್ನೊಂದು ಸಾಲು ಉಳಿದಿದೆ."

"ಮಗುವೂ ಇನ್ನೂ ಉಳಿದಿದೆ" ಎಂದು ಹೇಳಿ, ಸಲೋಮಿಯನ್ನು ಹೆಗಲಿಗೆ ಹಾಕಿಕೊಂಡು ಅವಳು ಒಬ್ಬಳೇ ಹೊರಟಳು.

ಮಗು ಬದುಕಿತು. ಹತ್ತು ದಿನ ಕಳೆದು ಅವಳು ಮನೆಗೆ ಬಂದಾಗ ಗೀತೆ ಮುಗಿದಿತ್ತು. ಅವನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಮಗಳನ್ನು ಎತ್ತಿಕೊಂಡು ಮುದ್ದಾಡಿದ. ಹಾಳೆಯನ್ನು ಮಾತ್ರ ಹರಿಯಲಿಲ್ಲ.

ಅದೇ ವರ್ಷ ನೆರೆಮನೆಯ ನವೋಮಿ ತೀರಿಕೊಂಡಳು. ಆ ಮಗುವಿಗೂ ಎರಡೇ ವರ್ಷ. ಗೀತೆಗಾರ ಒಂದು ಹೆಸರು ಹೊಡೆದುಹಾಕಿ ಇನ್ನೊಂದನ್ನು ಬರೆದ. ಮೂರಕ್ಷರದ ಜಾಗದಲ್ಲಿ ಮೂರಕ್ಷರ ಸರಿಯಾಗಿ ಕೂತಿತು. ಗುಂಡಿಯ ಸುತ್ತ ನಿಂತ ಸಭೆ ಹಾಡುತ್ತಾ ಅತ್ತಿತು. ಮಗುವನ್ನು ಕಳೆದುಕೊಂಡ ತಾಯಿ ಅವನ ಕೈ ಹಿಡಿದು, "ನನ್ನ ಹೊಟ್ಟೆಯ ಸಂಕಟ ನಿಮಗೆ ಹೇಗೆ ಗೊತ್ತಾಯಿತಣ್ಣಾ?" ಎಂದಳು. ಅವನೂ ಅತ್ತ.

ಅವನ ಹೆಂಡತಿ ಬಾಯಿ ತೆರೆಯಲಿಲ್ಲ. ಸಭಾಪಾಲಕರು ಅದನ್ನು ಗಮನಿಸಿ, "ನೀವು ಯಾಕಮ್ಮಾ ಹಾಡಲಿಲ್ಲ?" ಎಂದು ಕೇಳಿದರು.

"ಇದು ನನ್ನ ಮಗಳಿಗೆಂದು ಹೊಲಿದ ಅಂಗಿ, ಅಯ್ಯನವರೇ. ಅವಳು ಬದುಕಿಬಿಟ್ಟಳು. ಹಾಳಾಗಬಾರದೆಂದು ಇವರು ಬೇರೆಯವರ ಮಗುವಿಗೆ ತೊಡಿಸಿದರು" ಎಂದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮತ್ತೆ ಕೇಳಿದ:

"ಆದರೂ ಗೀತೆ ಚೆನ್ನಾಗಿತ್ತಲ್ಲವೇ, ಅಯ್ಯಾ?"

ಗುರು ಅವನ ಪುಸ್ತಕವನ್ನು ಅವನ ಕೈಗೇ ಮರಳಿಸಿದರು.

"ತಾಯಿಗೆ ಕಾಯಿಲೆ ಜೋರಾಗಿದೆ, ಬೇಗ ಬಾ ಎಂದು ನಿನ್ನ ಮನೆಯಿಂದ ಕಾಗದ ಬಂದು ಎಷ್ಟು ದಿನವಾಯಿತು?"