ನುಚ್ಚಿನ ಗಡಿಗೆ ಗಳಿಗೆ ಹೇಳಿದ್ದು

ಎಲ್ಲರೂ ಕೂತಿರಾ? ಹಿಂದೆ ಕೂತವರು ಸ್ವಲ್ಪ ಮುಂದೆ ಸರಿಯಿರಿ. ಹೊಟ್ಟೆ ತುಂಬಿದವರೂ ಕೇಳಿ, ಹಸಿದವರೂ ಕೇಳಿ. ಇದು ಇಬ್ಬರಿಗೂ ಸಲ್ಲುವ ಕಥೆ.

ಕಲ್ಮರಡಿ ಎಂಬ ರಾಜ್ಯದಲ್ಲಿ ಹಂಪಣ್ಣ, ದ್ಯಾಮವ್ವ ಎಂಬ ಗಂಡ ಹೆಂಡತಿ ಇದ್ದರು. ಕೋಟೆಯ ಬುರುಜಿನ ಬುಡದಲ್ಲೇ ಅವರ ಮನೆ. ಊರಿಗೆ ಹೊತ್ತು ಹೇಳುವುದು ಅವರ ಕೆಲಸ.

ಆಗ ಗೋಡೆಗೆ ಗಡಿಯಾರ ಇರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕಲ್ಲಿನ ಬಾನಿ, ಬಾನಿ ತುಂಬ ನೀರು, ನೀರಿನ ಮೇಲೆ ಒಂದು ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿ ಹಿಡಿಸುವಷ್ಟು ತೂತು. ತೂತಿನಿಂದ ನೀರು ಒಳಗೆ ಬರುತ್ತದೆ, ಬಟ್ಟಲು ತುಂಬುತ್ತದೆ, ಗುಳುಂ ಎಂದು ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ. ದ್ಯಾಮವ್ವ ಬಟ್ಟಲು ಕಾಯುವವಳು. ಹಂಪಣ್ಣ ಬುರುಜು ಹತ್ತಿ ಜಾಗಟೆ ಹೊಡೆಯುವವನು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮೂವತ್ತು ಬಟ್ಟಲು, ಮೂವತ್ತು ಸಲ ಮೂವತ್ತೆರಡು ಮೆಟ್ಟಿಲು. ರಾತ್ರಿಯ ಪಾಳಿಗೆ ಬೇರೆಯವರು, ಅವರದು ಬೇರೆ ಬಟ್ಟಲು.

ಊರೆಲ್ಲ ಆ ಜಾಗಟೆಯ ಮೇಲೆ ನಡೆಯುತ್ತಿತ್ತು. ಕೋಟೆ ಬಾಗಿಲು ತೆಗೆಯುವುದು ಅದರಿಂದ, ಸಂತೆ ಕೂಡುವುದು ಅದರಿಂದ. ಕಾಲುವೆ ನೀರು ಒಂದೊಂದು ಹೊಲಕ್ಕೆ ಎರಡೆರಡು ಗಳಿಗೆ ಎಂದು ಹಂಚಿದ್ದೂ ಅದರಿಂದಲೇ. ಜಾಗಟೆ ತಡವಾದರೆ ಒಬ್ಬನ ಹೊಲಕ್ಕೆ ನೀರು ಹೆಚ್ಚು, ಇನ್ನೊಬ್ಬನ ಹೊಲಕ್ಕೆ ಕಮ್ಮಿ. ಆಮೇಲೆ ಗುದ್ದಲಿ ಮಣ್ಣಿನ ಮೇಲೆ ಬೀಳುವುದಿಲ್ಲ, ತಲೆಯ ಮೇಲೆ ಬೀಳುತ್ತದೆ. ಅದಕ್ಕೇ ದೊರೆ ಕಟ್ಟಳೆ ಮಾಡಿದ್ದ: ಮೂರು ಸಲ ಹೊತ್ತು ತಪ್ಪಿದರೆ ಕೆಲಸವೂ ಇಲ್ಲ, ಬುರುಜಿನ ಬುಡದ ಮನೆಯೂ ಇಲ್ಲ.

ಊರಿಗೆಲ್ಲ ಹೊತ್ತು ಹೇಳುವವರಿಗೆ ಅಡುಗೆ ಮಾಡಿಕೊಳ್ಳಲು ಮಾತ್ರ ಹೊತ್ತಿರಲಿಲ್ಲ. ಹಿಟ್ಟು ಕಲಸಲು ಕೂತರೆ ಬಟ್ಟಲು ಮುಳುಗುತ್ತದೆ. ಒಲೆ ಊದಲು ಬಗ್ಗಿದರೆ ಬಟ್ಟಲು ಮುಳುಗುತ್ತದೆ. ಹೀಗಾಗಿ ಅವರ ಊಟವೆಲ್ಲ ಕೋಟೆ ಬಾಗಿಲಲ್ಲಿದ್ದ ತೋಪಣ್ಣನ ಅಂಗಡಿಯಿಂದ. ಊರು ಅವನನ್ನು ಕಡಾಯಿ ತೋಪಣ್ಣ ಎನ್ನುತ್ತಿತ್ತು. ಬೆಳಗ್ಗೆ ಪೂರಿ, ಮಧ್ಯಾಹ್ನ ಬದನೆಕಾಯಿ ಬಜ್ಜಿ, ಸಂಜೆ ಕರಿಗಡಬು. ಸುಳ್ಳೇಕೆ ಹೇಳಬೇಕು, ಕೈರುಚಿ ಚೆನ್ನಾಗಿತ್ತು. ಎಣ್ಣೆ ಮಾತ್ರ ಮೂರು ದಿನದ್ದು.

ನಾಲಗೆಗೆ ಸುಖವಾಯಿತು, ಹೊಟ್ಟೆಗೆ ಆಗಲಿಲ್ಲ. ಒಂದು ಮಧ್ಯಾಹ್ನ ಏಳು ಪೂರಿ ತಿಂದ ದ್ಯಾಮವ್ವನಿಗೆ ಕೂತಲ್ಲೇ ಜೊಂಪು ಹತ್ತಿತು. ಎಚ್ಚರಾದಾಗ ಬಟ್ಟಲು ಬಾನಿಯ ತಳದಲ್ಲಿ ಮಲಗಿತ್ತು. ಅದು ಒಂದನೆಯ ತಪ್ಪು. ಮತ್ತೊಂದು ದಿನ ಹಂಪಣ್ಣ ಇಪ್ಪತ್ತನೆಯ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟ. ಉಸಿರು ತಿರುಗುವಷ್ಟರಲ್ಲಿ ಕಾಲುವೆಯ ಹತ್ತಿರ ಇಬ್ಬರು ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದಿದ್ದರು. ಅದು ಎರಡನೆಯ ತಪ್ಪು. ಮಂತ್ರಿ ಬಂದು ಏನೂ ಬಯ್ಯಲಿಲ್ಲ. ಇನ್ನೊಂದೇ ಉಳಿದಿದೆ ಎಂದಷ್ಟೇ ಹೇಳಿ ಹೋದ.

ದ್ಯಾಮವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ರಿ, ನಿಮ್ಮ ಹೊಟ್ಟಿ ಮೊದಲ ಮ್ಯಾಲೆ ಮುಟ್ಟತೈತಿ, ನೀವು ಆಮ್ಯಾಲ ಬರ್ತೀರಿ. ಇನ್ನ ನಾ ಮನ್ಯಾಗ ಅಡಿಗಿ ಮಾಡಾಕಿ.”

“ಹೊತ್ತೆಲ್ಲಿ ಐತಿ ದ್ಯಾಮಿ?” ಎಂದ ಹಂಪಣ್ಣ. ಆ ಮಾತು ಕೇಳಿ ಅವನಿಗೇ ನಗು ಬಂತು. ದ್ಯಾಮವ್ವ ನಗಲಿಲ್ಲ.

ಮೊದಲ ದಿನ ಉತ್ಸಾಹಕ್ಕೆ ಬಿದ್ದು ಐದು ಬಗೆಯ ಅಡುಗೆಗೆ ಕೈ ಹಾಕಿದಳು. ಒಂದೂ ಮುಗಿಯಲಿಲ್ಲ, ಬಟ್ಟಲೂ ಕೈತಪ್ಪುವುದರಲ್ಲಿತ್ತು. ಎರಡನೆಯ ದಿನ ಹೆದರಿ ಒಲೆ ಹಚ್ಚಲೇ ಇಲ್ಲ. ಇಬ್ಬರೂ ಹಸಿ ಸೌತೆಕಾಯಿ ಕಡಿದು, ಸಂಜೆಯ ಹೊತ್ತಿಗೆ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಮೂರನೆಯ ದಿನ ಅವಳಿಗೆ ದಾರಿ ತಿಳಿಯಿತು. ಇಡೀ ಅಡುಗೆಗೆ ಹೊತ್ತಿಲ್ಲ, ನಿಜ. ಆದರೆ ಒಂದು ಬಟ್ಟಲಿಗೆ ಒಂದು ಕೆಲಸಕ್ಕೆ ಹೊತ್ತಿದೆ.

ಸಂಜೆಯ ಕೊನೆಯ ಬಟ್ಟಲಿಗೆ ಹೆಸರುಕಾಳು ನೆನೆಹಾಕುವುದು. ಬೆಳಗಿನ ಮೊದಲನೆಯ ಬಟ್ಟಲಿಗೆ ಜೋಳದ ನುಚ್ಚಿನ ಗಡಿಗೆ ಒಲೆಗೇರಿಸುವುದು. ಎರಡನೆಯದಕ್ಕೆ ಹಿತ್ತಲಿನ ಪುಂಡಿಸೊಪ್ಪು ಕಾಳಿನ ಜೊತೆ ಬೇಯಿಸುವುದು. ಮೂರನೆಯದಕ್ಕೆ ಮಜ್ಜಿಗೆ ಸುರಿದುಕೊಂಡು ಉಣ್ಣುವುದು. ಮುಗಿಯಿತು. ಒಗ್ಗರಣೆಗೆ ಒಂದು ಚಮಚ ಎಣ್ಣೆ, ಅದೂ ಹೊಸದು.

ಒಂದು ತಿಂಗಳಾಯಿತು. ಹಂಪಣ್ಣ ಮೆಟ್ಟಿಲ ಮೇಲೆ ಹಾಡಿಕೊಂಡು ಹತ್ತತೊಡಗಿದ. ದ್ಯಾಮವ್ವನಿಗೆ ಮಧ್ಯಾಹ್ನದ ಜೊಂಪು ಹೋಯಿತು. ದಿನವೂ ಅದೇ ಗಡಿಗೆ, ಅದೇ ಅಳತೆ, ಅವೇ ಮೂರು ಕಟ್ಟಿಗೆ. ಹಾಗಾಗಿ ಇನ್ನೊಂದು ವಿಚಿತ್ರವೂ ನಡೆಯಿತು. ನುಚ್ಚು ಗಟ್ಟಿಯಾಗಿ ಸೌಟು ನೆಟ್ಟಗೆ ನಿಲ್ಲುವುದಕ್ಕೂ ಅತ್ತ ಬಟ್ಟಲು ಗುಳುಂ ಎನ್ನುವುದಕ್ಕೂ ಸರಿಹೋಗುತ್ತಿತ್ತು.

ತೋಪಣ್ಣನಿಗೆ ಇದು ಸರಿಹೋಗಲಿಲ್ಲ. ದಿನಕ್ಕೆ ಮೂರು ಹೊತ್ತು ಬರುತ್ತಿದ್ದ ಎರಡು ಹೊಟ್ಟೆಗಳು ಕೈಬಿಟ್ಟವು ಎಂದರೆ ಯಾವ ಅಂಗಡಿಯವನಿಗೂ ಉರಿಯುತ್ತದೆ. ಉರಿಯುವುದು ತಪ್ಪಲ್ಲ. ಆಮೇಲೆ ಏನು ಮಾಡುತ್ತಾನೆ ಎನ್ನುವುದರ ಮೇಲೆ ಮನುಷ್ಯನ ಬೆಲೆ.

ಮೊದಲು ಅವನು ಬಿಸಿಬಿಸಿ ಕರಿಗಡಬು ತುಂಬಿದ ತಟ್ಟೆ ಹಿಡಿದು ಬಾಗಿಲಿಗೇ ಬಂದ. ಹಳೆಯ ಸ್ನೇಹಕ್ಕೆ ತಂದೆ, ಬೇಡ ಎನ್ನಬೇಡ ಎಂದ. ಹಂಪಣ್ಣ ಹೆಂಡತಿಯ ಕಡೆ ಬೆನ್ನು ಮಾಡಿ ಆರು ಕಡಬು ನುಂಗಿದ. ಮುಂದಿನ ಬಟ್ಟಲಿಗೆ ಬುರುಜು ಹತ್ತಿ ಬಂದವನ ಮುಖ ಬಿಳಚಿಕೊಂಡಿತ್ತು. ದ್ಯಾಮವ್ವ ಕೇಳುವ ಮೊದಲೇ ತಪ್ಪು ಒಪ್ಪಿಕೊಂಡ. ಮರುದಿನ ಬಂದ ತಟ್ಟೆ ಹಾಗೇ ಮರಳಿ ಹೋಯಿತು.

ಎರಡನೆಯದಾಗಿ, ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ ಆಡಿಕೊಂಡು ತಿರುಗಿದ. ದೊರೆಯ ಕೆಲಸದವರು ದನ ತಿನ್ನುವ ನುಚ್ಚು ತಿನ್ನುತ್ತಾರಂತೆ, ದೊರೆಯ ಮಾನ ಏನಾಗಬೇಕು ಎಂದ. ಊರವರು ನಕ್ಕರು. ನಕ್ಕವರಲ್ಲಿ ಕೆಲವರು, ಅದೇನು ತಿಂದು ಈ ಹಂಪಣ್ಣ ಹೀಗೆ ಮೆಟ್ಟಿಲು ಹಾರುತ್ತಾನೆ ನೋಡೋಣ ಎಂದು ಮನೆಗೇ ಬಂದರು. ಬಂದವರಿಗೆಲ್ಲ ದ್ಯಾಮವ್ವ ಒಂದೊಂದು ಸೌಟು ಬಡಿಸಿದಳು. ವಾರದಲ್ಲಿ ಕುಂಬಾರಗೇರಿಯಲ್ಲಿ ನುಚ್ಚಿನ ಗಡಿಗೆ ಒಲೆಗೇರಿತು, ಅಗಸರ ಓಣಿಯಲ್ಲಿ ಏರಿತು, ಕೋಟೆ ಕಾವಲಿನವರ ಮನೆಗಳಲ್ಲೂ ಏರಿತು. ಬೈಗುಳದಂಥ ಪ್ರಚಾರ ಇನ್ನೊಂದಿಲ್ಲ. ತೋಪಣ್ಣನ ಕಡಾಯಿಯಲ್ಲಿ ಎಣ್ಣೆ ಮೂರು ದಿನ ಹೋಗಿ ಐದು ದಿನದ್ದಾಯಿತು.

ಮೂರನೆಯದು ಕೆಟ್ಟ ಬುದ್ಧಿ. ಹಂಪಣ್ಣ, ದ್ಯಾಮವ್ವ ಇನ್ನೊಂದು ತಪ್ಪು ಮಾಡಿದರೆ ಊರು ಬಿಟ್ಟು ಹೋಗುತ್ತಾರೆ, ಅವರ ಜೊತೆ ನುಚ್ಚೂ ಹೋಗುತ್ತದೆ ಎಂದು ಲೆಕ್ಕ ಹಾಕಿದ. ಒಂದು ಬೆಳಗ್ಗೆ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಗಂಡ ಹೆಂಡತಿ ಬಾನಿಗೆ ನೀರು ತರಲು ಬಾವಿಗೆ ಹೋಗಿದ್ದರು. ಹಗಲಿನ ಬಟ್ಟಲು ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ರಾತ್ರಿಯ ಪಾಳಿಯವನು ತನ್ನ ಬಟ್ಟಲು ನೋಡುತ್ತ ಕಟ್ಟೆಗೆ ಬೆನ್ನು ಮಾಡಿ ಕೂತಿದ್ದ. ತೋಪಣ್ಣ ಬಂದ, ತುಪ್ಪದಲ್ಲಿ ಕಲಸಿದ ಹಿಟ್ಟನ್ನು ಬೆರಳ ತುದಿಯಿಂದ ತೂತಿಗೆ ಸವರಿದ, ಹೋದ. ಪೂರ್ತಿ ಮುಚ್ಚಲಿಲ್ಲ. ಪೂರ್ತಿ ಮುಚ್ಚಿದರೆ ಸಿಕ್ಕಿಬೀಳುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಅರ್ಧ ಮುಚ್ಚಿದರೆ ಬಟ್ಟಲು ನಿಧಾನವಾಗಿ ತುಂಬುತ್ತದೆ, ಹೊತ್ತು ಮೆಲ್ಲಗೆ ತಪ್ಪುತ್ತದೆ.

ಸೂರ್ಯ ಹುಟ್ಟಿದ. ದ್ಯಾಮವ್ವ ಬಟ್ಟಲು ತೇಲಿಬಿಟ್ಟಳು, ಗಡಿಗೆ ಒಲೆಗೇರಿಸಿದಳು. ನುಚ್ಚು ಕುದಿಯಿತು, ಬುಳಕ್ ಬುಳಕ್ ಎಂದಿತು, ಗಟ್ಟಿಯಾಯಿತು. ಸೌಟು ನೆಟ್ಟಗೆ ನಿಂತಿತು. ತಿರುಗಿ ನೋಡಿದರೆ ಬಟ್ಟಲು ಅರ್ಧವೂ ತುಂಬಿರಲಿಲ್ಲ.

ಬೆಂಕಿ ಜೋರಾಗಿರಬೇಕು ಎಂದ ಹಂಪಣ್ಣ. ಅವೇ ಮೂರು ಕಟ್ಟಿಗೆ ಎಂದಳು ದ್ಯಾಮವ್ವ. ನೀರು ಕಡಿಮೆ ಹಾಕಿರಬೇಕು ಎಂದ. ಅದೇ ಅಳತೆ ಎಂದಳು. ಈಗ ಜಾಗಟೆ ಹೊಡೆದು ಗಡಿಗೆ ಸುಳ್ಳಾದರೆ ಮೂರನೆಯ ತಪ್ಪು. ಹೊಡೆಯದೆ ಕೂತು ಬಟ್ಟಲು ಸುಳ್ಳಾದರೂ ಮೂರನೆಯ ತಪ್ಪು.

“ಬಟ್ಟಲ ದೊರೀದು, ಗಡಿಗಿ ನಂದು,” ಎಂದಳು ದ್ಯಾಮವ್ವ. “ನನ್ನ ಗಡಿಗಿ ಎಂದೂ ನನಗ ಸುಳ್ಳ ಹೇಳಿಲ್ಲ. ಹತ್ರಿ ಮ್ಯಾಲೆ.”

ಹಂಪಣ್ಣ ಮೂವತ್ತೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಜಾಗಟೆ ಹೊಡೆದ. ಎಂಟು ವಾರದ ಹಿಂದಾಗಿದ್ದರೆ ಇಪ್ಪತ್ತರಲ್ಲೇ ಕೂತಿರುತ್ತಿದ್ದ.

ಅದೇ ಕ್ಷಣಕ್ಕೆ ದ್ಯಾಮವ್ವ ಪಾಳಿ ಮುಗಿಸಿದವನು ಗೂಡಿನಲ್ಲಿಟ್ಟು ಹೋಗಿದ್ದ ರಾತ್ರಿಯ ಬಟ್ಟಲನ್ನು ತೆಗೆದು ಅಡುಗೆಮನೆಯ ಹಂಡೆಯ ನೀರಿನಲ್ಲಿ ತೇಲಿಬಿಟ್ಟಳು. ಆಮೇಲೆ ಕಟ್ಟೆಯ ಬಟ್ಟಲನ್ನು ಎತ್ತಿ ನೋಡಿದಳು. ತೂತಿನಲ್ಲಿ ಹಿಟ್ಟು. ಮೂಸಿದಳು, ತುಪ್ಪ. ಕೆಳಗಿಳಿದು ಬಂದ ಹಂಪಣ್ಣ ಕಡ್ಡಿ ಹುಡುಕಿ ತೂತು ಚುಚ್ಚಲು ಹೋದ. ಅವಳು ಕೈ ಹಿಡಿದಳು. ಇದನ್ನು ಹೀಗೇ ಬಿಡೋಣ, ಮಾಡಿದವನು ಸುಮ್ಮನೆ ಕೂರಲಾರ, ತಾನಾಗಿ ಬಂದು ಹೆಸರು ಹೇಳುತ್ತಾನೆ ಎಂದಳು. ಕೆಟ್ಟ ಬಟ್ಟಲು ಮತ್ತೆ ಎಲ್ಲರ ಕಣ್ಣೆದುರಿನ ಬಾನಿಗೆ ಹೋಯಿತು. ನಿಜವಾದ ಹೊತ್ತು ಅಡುಗೆಮನೆಯ ಹಂಡೆಯಲ್ಲಿ ನಡೆಯಿತು.

ಎರಡು ಹೊಡೆಯಿತು. ಮೂರು ಹೊಡೆಯಿತು. ಹತ್ತೂ ಹೊಡೆಯಿತು. ಕಾಲುವೆಯಲ್ಲಿ ಜಗಳವಿಲ್ಲ, ಸಂತೆಯಲ್ಲಿ ಗಲಾಟೆಯಿಲ್ಲ. ತೋಪಣ್ಣನಿಗೆ ಕಡಾಯಿಯ ಮುಂದೆ ಕೂರಲಾಗಲಿಲ್ಲ. ಎರಡು ಸಲ ಕಟ್ಟೆಯ ಹತ್ತಿರ ಬಂದು ಇಣುಕಿದ. ಬಟ್ಟಲು ಆಮೆಯ ಹಾಗೆ ತುಂಬುತ್ತಿದೆ, ಜಾಗಟೆ ಮಾತ್ರ ತನ್ನ ಪಾಡಿಗೆ ಬಡಿಯುತ್ತಿದೆ. ಅಂದಾಜಿನ ಮೇಲೆ ಹೊಡೆಯುತ್ತಿದ್ದಾರೆ, ಕೈಗೆ ಸಿಕ್ಕರು ಎಂದುಕೊಂಡು ಮಂತ್ರಿಯ ಹತ್ತಿರ ಓಡಿದ.

ಹದಿನೈದನೆಯ ಜಾಗಟೆ ಎಂದರೆ ನಡು ಮಧ್ಯಾಹ್ನ. ಆ ಹೊತ್ತಿಗೆ ಮಂತ್ರಿ ಬಂದ, ಹಿಂದೆ ಹೊಲದವರು ಬಂದರು, ಎಲ್ಲರ ಮುಂದೆ ತೋಪಣ್ಣ. ಮೇಲೆ ಹಂಪಣ್ಣ ಹದಿನೈದು ಹೊಡೆದು ಇಳಿದ.

“ನೋಡ್ರಿ ಧಣಿ,” ಎಂದ ತೋಪಣ್ಣ. “ಜಾಗಟಿ ಹದಿನೈದ ಹೊಡೀತು. ಬಟ್ಟಲದಾಗ ಇನ್ನ ಏಳ ಸೈತ ಆಗಿಲ್ಲ. ಇವರು ಊರಿಗೇ ಮೋಸ ಮಾಡ್ಯಾರ.”

ಬಾನಿಯಲ್ಲಿ ಬಟ್ಟಲು ಹಾಯಾಗಿ ತೇಲುತ್ತಿತ್ತು. ಹೊಲದವರು ಗುಜುಗುಜು ಎಂದರು.

ಮಂತ್ರಿ ಬಟ್ಟಲನ್ನು ನೋಡಲಿಲ್ಲ, ನೆಲ ನೋಡಿದ. ಅಂಗಳದ ಕಂಬದ ನೆರಳು ಕಂಬದ ಬುಡಕ್ಕೆ ಅಂಟಿಕೊಂಡಿತ್ತು. ಸೂರ್ಯ ನೆತ್ತಿಯ ಮೇಲೆ. ಜಾಗಟೆ ಸರಿ. ಹಾಗಾದರೆ ಬಟ್ಟಲು ತಪ್ಪು. ಮಂತ್ರಿ ಬಟ್ಟಲು ಎತ್ತಿಸಿದ, ತೂತಿನ ಮೇಲೆ ಬೆರಳಾಡಿಸಿದ, ಬೆರಳನ್ನು ಮೂಗಿಗೆ ಹಿಡಿದ.

ಈ ಮನೆಯಲ್ಲಿ ತುಪ್ಪದ ಹಿಟ್ಟು ಯಾರು ಕಲಸುತ್ತಾರೆ ಎಂದು ಕೇಳಿದ. ಎರಡು ತಿಂಗಳಿಂದ ನುಚ್ಚು, ಮಜ್ಜಿಗೆ ಬಿಟ್ಟರೆ ಬೇರೆ ಕಂಡಿಲ್ಲ, ಬೇಕಾದರೆ ಪಾತ್ರೆ ನೋಡಿ ಎಂದಳು ದ್ಯಾಮವ್ವ. ನೋಡಿದರು. ಇರಲಿಲ್ಲ.

ಆಗ ಮಂತ್ರಿ ತೋಪಣ್ಣನ ಕಡೆ ತಿರುಗಿ, ತೂಕ ಮಾಡಿದಂತೆ ನಿಧಾನವಾಗಿ ಕೇಳಿದ:

“ತೋಪಣ್ಣ, ಇಡೀ ಊರು ಜಾಗಟೆ ಕೇಳಿ ಹೊತ್ತು ತಿಳಿಯುತ್ತದೆ. ನಾನೂ ಹಾಗೇ, ದೊರೆಯೂ ಹಾಗೇ. ಜಾಗಟೆ ತಪ್ಪು ಅಂತ ಇವತ್ತು ಯಾರಿಗೂ ಅನಿಸಲಿಲ್ಲ. ಬಟ್ಟಲು ಎಷ್ಟು ಸಲ ಮುಳುಗಿತು ಅಂತ ಎಣಿಸಿ ನೋಡಬೇಕೆಂದು ನಿನಗೊಬ್ಬನಿಗೆ ಯಾಕೆ ಅನಿಸಿತು?”

ತೋಪಣ್ಣ ಮೆಲ್ಲಗೆ ಹಿಂದೆ ಸರಿದ. ಬೆರಳ ಉಗುರಿನಲ್ಲಿ ಇನ್ನೂ ಹಿಟ್ಟಿದೆಯಲ್ಲ ಎಂದು ಹೊಲದವನೊಬ್ಬ ಅಂದ. ತೋಪಣ್ಣ ಗಬಕ್ಕನೆ ಕೈಯನ್ನು ಹಿಂದೆ ಅಡಗಿಸಿದ. ಹಿಟ್ಟು ಇತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ, ನೋಡುವ ಅಗತ್ಯವೂ ಉಳಿಯಲಿಲ್ಲ.

ಹಂಪಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟ. ಹತ್ತಿ ಇಳಿದದ್ದಕ್ಕಲ್ಲ, ಮನೆ ಉಳಿದದ್ದಕ್ಕೆ. ದ್ಯಾಮವ್ವನಿಗೆ ಕೂರಲು ಬಿಡುವಿರಲಿಲ್ಲ. ಒಳಗೆ ಹಂಡೆಯಲ್ಲಿ ಹದಿನಾರನೆಯ ಬಟ್ಟಲು ತುಂಬುತ್ತಿತ್ತು.

ದೊರೆ ತೋಪಣ್ಣನನ್ನು ಊರು ಬಿಡಿಸಲಿಲ್ಲ, ಹೊಡೆಸಲಿಲ್ಲ. ನಲವತ್ತು ದಿನ ಹಂಪಣ್ಣನ ಬದಲು ನೀನೇ ಬುರುಜು ಹತ್ತು ಎಂದ. ದಿನಕ್ಕೆ ಮೂವತ್ತು ಸಲ, ಮೂವತ್ತೆರಡು ಮೆಟ್ಟಿಲು. ಮೊದಲ ದಿನ ತನ್ನ ಅಂಗಡಿಯ ಪೂರಿ ತಿಂದು ಹತ್ತಿದವನನ್ನು ಹದಿನಾರನೆಯ ಸಲ ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಎರಡನೆಯ ದಿನ ಮೆಟ್ಟಿಲ ಮೇಲೆ ಕೂತು ಅತ್ತ. ಮೂರನೆಯ ದಿನ ದ್ಯಾಮವ್ವನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ತಂಗೀ, ಒಂದು ಸೌಟು ಹಾಕ್ತೀಯಾ ಎಂದ. ಅವಳು ಹಾಕಿದಳು. ಮಜ್ಜಿಗೆ ಕೇಳಿದ್ದಕ್ಕೆ ಮಾತ್ರ, ಅದು ನಲವತ್ತು ದಿನ ಆದಮೇಲೆ ಎಂದಳು.

ನಲವತ್ತು ದಿನ ಕಳೆದು ಅವನು ಅಂಗಡಿ ತೆಗೆದಾಗ ಕಡಾಯಿಯ ಪಕ್ಕದಲ್ಲಿ ಒಂದು ದೊಡ್ಡ ಗಡಿಗೆ ಇತ್ತು. ಬೆಳಗ್ಗೆ ನುಚ್ಚು, ಮಧ್ಯಾಹ್ನ ಸೊಪ್ಪು ಕಾಳು, ಕಡಬು ಹಬ್ಬಕ್ಕೆ ಮಾತ್ರ, ಹೊಸ ಎಣ್ಣೆಯಲ್ಲಿ. ಗಿರಾಕಿಗಳು ತಾವಾಗಿ ಬಂದರು. ಅದನ್ನು ಮೊದಲೇ ಮಾಡಿದ್ದರೆ ಅಷ್ಟು ಮೆಟ್ಟಿಲು ಉಳಿಯುತ್ತಿತ್ತು.

ಈಗ ನೀತಿ ಕೇಳಿ, ಎದ್ದು ಹೋಗಿ. ಹೊತ್ತಿಲ್ಲ ಎನ್ನುವವನು ಹೊತ್ತನ್ನು ಚೂರು ಮಾಡಿಕೊಳ್ಳಲಿ: ಚೂರಿಗೊಂದು ಕೆಲಸ ಮಾಡಿದರೆ ಮನೆಯ ಅನ್ನ ಮನೆಯಲ್ಲೇ ಬೇಯುತ್ತದೆ, ಮೈ ಹಗುರವಾಗಿರುತ್ತದೆ. ಇನ್ನು ಅಂಗಡಿ ಇಟ್ಟವನು, ಗಿರಾಕಿ ತಪ್ಪಿದರೆ ತನ್ನ ಸರಕು ತಿದ್ದಿಕೊಳ್ಳಲಿ. ಇನ್ನೊಬ್ಬರ ಬಟ್ಟಲಿಗೆ ಕೈ ಹಾಕಿದವನ ಗುಟ್ಟು ಅವನ ಬಾಯಿಂದಲೇ ಹೊರಬೀಳುತ್ತದೆ.